ಏಳು ನಿಮಿಷ ಮುಂದಿರುವ ಮನೆ

"ಒತ್ತಬೇಡಿ!"

ನಾನು ಕೂಗಿದ ರಭಸಕ್ಕೆ ಆಕೆಯ ಹೆಬ್ಬೆರಳು ಫೋನಿನ ಮೇಲೆ ಹಾಗೇ ನಿಂತುಬಿಟ್ಟಿತು. ಆರು ಅಂಕಿಗಳಲ್ಲಿ ಐದು ಆಗಲೇ ಬಿದ್ದಿದ್ದವು. ಆರನೆಯದೂ ಬಿದ್ದಿದ್ದರೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು, ಆಕೆಯ ಆಸೆಯೂ ಮುಗಿಯುತ್ತಿತ್ತು.

"ಎದೆ ಹಾರಿಹೋಯ್ತು ಸಾರ್! ಯಾಕೆ? ಪಾಸ್‌ವರ್ಡ್ ಸರಿ ಇದೆ. ಕೋಡೂ ಸರಿ ಇದೆ. ಅವರ ಫೋನಲ್ಲಿ ಏನು ಕಾಣ್ತಿದೆಯೋ ಅದನ್ನೇ ಹೊಡೀತಿದ್ದೀನಿ."

"ಮೊದಲೂ ಅದನ್ನೇ ಹೊಡೆದ್ರಿ. ಪ್ರತಿ ಸಲವೂ ತಪ್ಪು ಅಂತು. ಕೆಳಗೆ ಸಣ್ಣಕ್ಷರದಲ್ಲಿ ಏನಿದೆ ಓದಿ. ಕನ್ನಡಕ ಮಾಡೋರು ನೀವು, ನಿಮಗೆ ಕಾಣದೇ ಇದ್ದರೆ ನಮ್ಮಂಥವರ ಗತಿ ಏನು?"

ಆಕೆ ಓದಿದಳು. ಅಲ್ಲಿದ್ದದ್ದು ಮೂರೇ ಪದ: ಒಂದು ಅವಕಾಶ ಉಳಿದಿದೆ.

ಗಡಿಯಾರ ರಿಪೇರಿ ಮಾಡುವ ಆಕೆಯ ಗಂಡ, ಅಂಗಡಿಗೆ ಹೋಗಿ ಬರ್ತೀನಿ ಅಂತ ಹೊರಟು ಇವತ್ತಿಗೆ ಹನ್ನೊಂದು ತಿಂಗಳು. ಹೋಗುವಾಗ ತಮ್ಮ ಹಳೇ ಫೋನನ್ನು ಮನೆಯಲ್ಲೇ ಬಿಟ್ಟಿದ್ದರು. ಹೋದ ವಾರ ಗೋಡೆ ಗಡಿಯಾರವೊಂದರ ಹಿಂಬದಿಯ ತಗಡಿನಲ್ಲಿ, ಆಣಿಯಿಂದ ಗೀರಿದ ಒಂದು ಪಾಸ್‌ವರ್ಡ್ ಸಿಕ್ಕಿತ್ತು.

ಅದು ಅವರ ಪಾಸ್‌ವರ್ಡ್ ತಿಜೋರಿಯದು. ಒಬ್ಬ ಮನುಷ್ಯನ ಎಲ್ಲ ಪಾಸ್‌ವರ್ಡು, ಗುಟ್ಟು, ಟಿಪ್ಪಣಿಗಳನ್ನು ಒಂದೇ ಕಡೆ ಬಚ್ಚಿಡುವ ಮೊಬೈಲ್ ಆಪ್. ಒಳಗೆ ಹೋಗಲು ಒಂದು ದೊಡ್ಡ ಪಾಸ್‌ವರ್ಡ್ ಬೇಕು. ಅದರ ಜೊತೆಗೆ ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಆರು ಅಂಕಿಯ ಕೋಡೂ ಬೇಕು. ಆ ಕೋಡು ಹಳೇ ಫೋನಿನಲ್ಲಿ ಮೂಡುತ್ತಿತ್ತು. ತಿಜೋರಿಯನ್ನು ನಾನು ಆಕೆಯ ಫೋನಿಗೆ ಇಳಿಸಿಕೊಟ್ಟಿದ್ದೆ.

ವಾರದೊಳಗೆ ಐದು ಸಲ ತಪ್ಪು ಕೋಡ್ ಹೊಡೆದರೆ ತಿಜೋರಿಗೆ ಶಾಶ್ವತ ಬೀಗ. ಒಮ್ಮೆ ಎಣಿಸಿದ ತಪ್ಪನ್ನು ವಾರ ತುಂಬುವವರೆಗೆ ಈ ಆಪ್ ಮರೆಯುವುದಿಲ್ಲ, ಮಧ್ಯೆ ಏನೇ ಆಗಲಿ. ವಾರ ಕಾಯೋಣ ಅಂದರೆ ಹಳೇ ಫೋನಿನ ಬ್ಯಾಟರಿ ಪೂರಿಯ ಹಾಗೆ ಊದಿಕೊಂಡಿದೆ. ಚಾರ್ಜರ್ ಕಿತ್ತರೆ ನಾಲ್ಕೈದು ನಿಮಿಷ ಬದುಕುತ್ತದೆ, ಒಮ್ಮೆ ಆರಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆ ಇಲ್ಲ ಅಂತ ಫೋನ್ ರಿಪೇರಿಯವನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ.

ಅಂದರೆ ಇವತ್ತೇ. ಮತ್ತು ಒಂದೇ ಸಲ.

"ಎಷ್ಟು ಸಲ ತಪ್ಪಾಯ್ತು ಅಂದ್ರಿ ತಾಯಿ?"

"ಮೂರು. ಗುರುವಾರ ಒಂದು, ನಿನ್ನೆ ಒಂದು, ಇವತ್ತು ನೀವು ಬರೋಕೆ ಮುಂಚೆ ಒಂದು."

"ಐದರಲ್ಲಿ ಮೂರು ಹೋದರೆ?"

"ಎರಡು." ಅಂದಳು. ಮತ್ತೆ ಫೋನ್ ನೋಡಿದಳು. "ಒಂದೇ ಅಂತಿದೆಯಲ್ಲ ಸಾರ್."

"ಅದೇ ನಾನೂ ಕೇಳೋದು. ನಾಲ್ಕನೆಯದನ್ನ ಹೊಡೆದ ಮಹಾಶಯ ಯಾರು?"

ಆಕೆ ಉತ್ತರ ಕೊಡುವಷ್ಟರಲ್ಲಿ ಗೋಡೆಗಳು ಮಾತಾಡಿದವು. ಆ ಮುಂದಿನ ಕೋಣೆಯಲ್ಲಿ ಹತ್ತೊಂಬತ್ತು ಗಡಿಯಾರಗಳಿವೆ. ರಿಪೇರಿಗೆ ಕೊಟ್ಟವರು ವಾಪಸು ಒಯ್ಯಲು ಬಾರದ ಗಡಿಯಾರಗಳು. ಅಷ್ಟೂ ಒಟ್ಟಿಗೆ ಒಂದೊಂದು ಪೆಟ್ಟು ಹೊಡೆದವು. ನಾಲ್ಕೂವರೆ.

ಅಭ್ಯಾಸಬಲದಿಂದ ನಾನು ನನ್ನ ಫೋನ್ ನೋಡಿಕೊಂಡೆ. ನಾಲ್ಕು ಇಪ್ಪತ್ತಮೂರು.

ಹಣೆಯ ಮೇಲಿದ್ದ ಕನ್ನಡಕ ಕೆಳಗಿಳಿಸಿ ಮತ್ತೆ ನೋಡಿದೆ. ಊರಲ್ಲೆಲ್ಲ ನನ್ನನ್ನು ಚಾಳೀಸು ಅಂತ ಕರೆಯುವುದು ಈ ಕನ್ನಡಕದ ದೆಸೆಯಿಂದ. ಮಾಡಿಕೊಟ್ಟವಳು ಇವಳೇ. ನಾಲ್ಕು ಇಪ್ಪತ್ತಮೂರೇ. ಹಳೇ ಫೋನ್ ನೋಡಿದೆ. ಅದರಲ್ಲಿ ನಾಲ್ಕೂವರೆ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಅಂತ ಹಣೆ ಚಚ್ಚಿಕೊಂಡೆ. "ಈ ಫೋನಿನ ಟೈಮ್ ತಪ್ಪಿದೆ!"

"ತಪ್ಪಿಲ್ಲ," ಅಂದಳು ಆಕೆ, ಥಟ್ಟನೆ. "ಏಳು ನಿಮಿಷ ಮುಂದಿದೆ. ನಾನೇ ಇಟ್ಟಿರೋದು."

"ಏನಂದ್ರಿ?"

"ಪ್ರತಿ ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಟೈಮ್ ಕೇಳ್ಕೊಂಡು, ಅದಕ್ಕೆ ಏಳು ನಿಮಿಷ ಕೂಡಿಸಿ, ಇದನ್ನೂ ಗೋಡೆ ಗಡಿಯಾರಗಳನ್ನೂ ಒಂದೇ ಸಮ ಮಾಡ್ತೀನಿ. ಅವರು ಮಾಡ್ತಿದ್ದದ್ದು ಹಾಗೇ. ಈ ಮನೆ ಯಾವತ್ತೂ ಏಳು ನಿಮಿಷ ಮುಂದೆ."

ಕಾಣೆಯಾದವರನ್ನು ಹುಡುಕುವ ಈ ಕೆಲಸ ಇಪ್ಪತ್ತೆಂಟು ವರ್ಷ ಮಾಡಿದ್ದೇನೆ. ತಪ್ಪು ಟೈಮನ್ನು ಸೆಕೆಂಡು ಬಿಡದೆ ಸರಿಯಾಗಿ ಇಟ್ಟುಕೊಂಡವರನ್ನು ನೋಡಿದ್ದು ಅದೇ ಮೊದಲು.

"ನೋಡಿ ತಾಯಿ, ಆ ಕೋಡ್ ಹುಟ್ಟೋದೇ ಫೋನಿನ ಗಡಿಯಾರ ನೋಡಿ. ನಾಲ್ಕೂವರೆಗೆ ಒಂದು ಕೋಡ್, ಅದಾಗಿ ಅರ್ಧ ನಿಮಿಷಕ್ಕೆ ಇನ್ನೊಂದು. ಆ ಕಡೆ ತಿಜೋರಿಯವರ ಹತ್ತಿರ ಸರಿಯಾದ ಗಡಿಯಾರ ಇದೆ. ಈ ಹಳೇ ಫೋನ್ ಏಳು ನಿಮಿಷ ಆದ್ಮೇಲೆ ಹೇಳಬೇಕಾದ ಕೋಡನ್ನ ಈಗಲೇ ಹೇಳ್ತಿದೆ. ಅವರು ಒಪ್ಪುತ್ತಾರಾ? ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್ ತಾನಾಗಿ ಸರಿಹೋಗೋ ಹಾಗೆ ಮಾಡಿದ್ರೆ ಮುಗೀತು. ಕೊಡಿ ಇಲ್ಲಿ."

ಆಕೆ ಕೊಡಲಿಲ್ಲ. ಹಳೇ ಫೋನಿನ ಮೇಲೆ ಅಂಗೈ ಮುಚ್ಚಿಟ್ಟಳು.

"ಬೇಡ ಸಾರ್."

"ತಾಯಿ, ಇದು ಹಟ ಮಾಡೋ ಹೊತ್ತಲ್ಲ."

"ಹಟ ಅಂತಲೇ ಇಟ್ಕೊಳ್ಳಿ. ಅವರ ಅಂಗಿ ಒಗೆದುಬಿಟ್ಟೆ, ಬೆವರಿನ ವಾಸನೆ ಹೋಯ್ತು. ಅವರ ತಟ್ಟೆ ನಮ್ಮ ಮೈದುನ ಬಳಸ್ತಾನೆ. ಇನ್ನು ಅವರದ್ದು ಅಂತ ಉಳಿದಿರೋದು ಈ ಏಳು ನಿಮಿಷ. ಇದನ್ನ ನಾನು ಕೈಯಾರೆ ಅಳಿಸಲ್ಲ."

ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ನನ್ನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಅವಳ ನಂಬರ್ ಈಗ ಯಾರದೋ ಪಾಲಾಗಿದೆ, ಆದರೂ ನನ್ನ ಫೋನಿನಲ್ಲಿ ಅವಳ ಹೆಸರು ಹಾಗೇ ಇದೆ. ಅಳಿಸು ಅಂತ ಮಗಳು ಹತ್ತು ಸಲ ಹೇಳಿದ್ದಾಳೆ, ಹತ್ತು ಸಲವೂ ನಾನು ಅವಳ ಮೇಲೆ ರೇಗಿದ್ದೇನೆ.

ತಲೆ ಕೆರೆದುಕೊಂಡೆ. ಆಮೇಲೆ ನಗು ಬಂತು.

"ಸರಿ, ಟೈಮ್ ಮುಟ್ಟೋದೇ ಬೇಡ. ಈಗ ಈ ಫೋನ್ ಹೇಳ್ತಿರೋ ಕೋಡ್ ತಪ್ಪಲ್ಲ. ಆತುರ ಬಿದ್ದು ಮುಂಚೆ ಬಂದಿದೆ ಅಷ್ಟೇ. ಇದನ್ನ ಬರ್ಕೊಂಡು, ಏಳು ನಿಮಿಷ ಕಾದು, ಆಮೇಲೆ ಹೊಡೆಯೋಣ."

ಆಕೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕಣ್ಣು ತುಂಬಿ ಬಂತು.

"ಕಾಯೋದು ತಾನೇ ಸಾರ್? ಅದು ನನಗೆ ಬರುತ್ತೆ."

ಎರಡು ಫೋನನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆವು. ನನ್ನದು ನಾಲ್ಕು ಇಪ್ಪತ್ತಾರಕ್ಕೆ ಹೊರಳಿದ ಕ್ಷಣಕ್ಕೇ ಹಳೆಯದು ನಾಲ್ಕು ಮೂವತ್ತಮೂರಕ್ಕೆ ಹೊರಳಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಗ ಮೂಡಿದ ಆರು ಅಂಕಿಗಳನ್ನು ಆಕೆ ಒಂದು ಚೀಟಿಯ ಮೇಲೆ ದುಂಡಗೆ ಬರೆದಳು. ಗಾಜು ಉಜ್ಜಿ ಪಳಗಿದ ಕೈ.

ಬಾಗಿಲ ಚಿಲಕ ಸದ್ದಾದದ್ದು ಆಗಲೇ.

"ಅತ್ತಿಗೆ, ಮತ್ತೆ ಶುರು ಹಚ್ಕೊಂಡ್ರಾ?"

ಬಂದವನು ಮೈದುನ. ಅಣ್ಣನ ಅಂಗಡಿ ಈಗ ಇವನ ಕೈಯಲ್ಲಿದೆ. ದಿನಾ ಸಂಜೆ ಬಂದು ಹತ್ತೊಂಬತ್ತು ಗಡಿಯಾರಕ್ಕೂ ಚಾವಿ ಕೊಟ್ಟು ಹೋಗುತ್ತಾನೆ. ನಲವತ್ತು ದಾಟಿದ ಗಂಡಸು, ಉಗುರ ಸಂದಿಯಲ್ಲಿ ಎಣ್ಣೆಯ ಕಪ್ಪು, ಎಡಗೈಯಲ್ಲಿ ಹಳೇ ಕಾಲದ ಸ್ಟೀಲ್ ವಾಚು. ವಾಚಿನ ಕಡೆ ಕಳ್ಳಗಣ್ಣು ಹಾಯಿಸಿದೆ. ನನ್ನ ಫೋನಿಗೆ ಸೆಕೆಂಡಿನವರೆಗೂ ತಾಳೆ.

"ನಿಮ್ಮದು ಮುಂದಿಲ್ಲವಲ್ಲ?" ಅಂದೆ.

"ಈ ಮನೆ ಹುಚ್ಚು ಈ ಮನೇಲಿರಲಿ ಸಾರ್. ಅಂಗಡೀಲಿ ಎಲ್ಲ ಸರಿ ಮಾಡಿಟ್ಟಿದ್ದೀನಿ. ವಾಚಿನಂಗಡೀಲೇ ಟೈಮ್ ತಪ್ಪಿದ್ರೆ ಗಿರಾಕಿ ನಗಲ್ವಾ?"

"ಕೂತ್ಕೊಳ್ಳಿ. ನಮಗೆ ಏಳು ನಿಮಿಷ ಬಿಡುವಿದೆ. ಒಂದು ಮಾತು ಕೇಳ್ತೀನಿ. ಈ ವಾರ ತಿಜೋರಿಗೆ ಕೋಡ್ ಹೊಡೆದ್ರಾ?"

"ಇಲ್ಲ."

"ನಿಮ್ಮತ್ತಿಗೆ ಮೂರು ಸಲ ಹೊಡೆದಿದ್ದಾರೆ. ಆಪು ನಾಲ್ಕು ಅಂತಿದೆ. ಪಾಸ್‌ವರ್ಡ್ ಸಿಕ್ಕ ದಿನ ನೀವೂ ಇಲ್ಲೇ ಇದ್ರಿ. ಗಡಿಯಾರ ಬಿಚ್ಚಿದ್ದೇ ನೀವು."

"ಬಿಚ್ಚಿದ್ದು ನಾನೇ. ಅದಕ್ಕೆ ಕಳ್ಳ ನಾನೇನಾ?"

"ಕಳ್ಳ ಅಂದೆನಾ?"

"ಅನ್ನೋ ಮುಖ ಮಾಡ್ಕೊಂಡಿದ್ದೀರಲ್ಲ!"

ಆಕೆ ಚೀಟಿ ಹಿಡಿದ ಕೈ ಮಡಿಲಲ್ಲಿಟ್ಟುಕೊಂಡು ಮೈದುನನನ್ನೇ ನೋಡುತ್ತಿದ್ದಳು. "ಅವರ ಫೋನ್ ಮುಟ್ಟಿದ್ದೆ ತಾನೇ ನೀನು? ಸೋಮವಾರ ನಾನು ಕೆಲಸದಿಂದ ಬಂದಾಗ ಅದು ತಲೆಕೆಳಗಾಗಿತ್ತು."

ಅವನು ಕೈಯಲ್ಲಿದ್ದ ಚಾವಿಯನ್ನು ಬೆರಳಲ್ಲಿ ತಿರುಗಿಸಿದ.

"ಮುಟ್ಟಿದ್ದೆ."

"ಯಾಕೋ?"

"ಅದರಲ್ಲಿ ಅಣ್ಣನ ಧ್ವನಿ ಇದೆ ಅತ್ತಿಗೆ. ವಾಚಿನೊಳಗೆ ಸ್ಪ್ರಿಂಗ್ ಕೂರಿಸೋದು ಹೇಗೆ ಅಂತ ನನಗೋಸ್ಕರ ಹೇಳಿ ರೆಕಾರ್ಡ್ ಮಾಡಿಟ್ಟಿದ್ದ. ಎರಡು ನಿಮಿಷದ್ದು. ಕೊನೇಲಿ, ದಡ್ಡಾ, ಅರ್ಥ ಆಯ್ತೇನೋ ಅಂತಾನೆ. ಅದನ್ನ ಕೇಳೋಕೆ ಬರ್ತೀನಿ." ಅವನು ಗೋಡೆಯ ಕಡೆ ತಿರುಗಿದ. "ಗಡಿಯಾರಕ್ಕೆ ದಿನಾ ಚಾವಿ ಕೊಡಬೇಕಾಗಿಲ್ಲ. ಅವು ಎಂಟು ದಿನ ಓಡ್ತವೆ. ನಿಮಗೂ ಗೊತ್ತು, ನನಗೂ ಗೊತ್ತು."

ಆಕೆ ತಲೆ ತಗ್ಗಿಸಿದಳು. ಸಂಶಯಪಟ್ಟದ್ದಕ್ಕೆ ಆಕೆಗೆ ನಾಚಿಕೆಯಾಗಿತ್ತು. ನನಗೂ ಆಗಬೇಕಿತ್ತೇನೋ. ಆದರೆ ನನ್ನ ಕೆಲಸದಲ್ಲಿ ನಾಚಿಕೆ ಪಟ್ಟುಕೊಂಡರೆ ಹೊಟ್ಟೆ ತುಂಬುವುದಿಲ್ಲ.

"ಅಣ್ಣ ವಾಪಸ್ ಬರಲಿ ಅಂತ ಇದೆಯಾ ನಿಮಗೆ?" ಅಂದೆ.

"ಬರೋದಾಗಿದ್ರೆ ಬರ್ತಿದ್ದ ಸಾರ್. ಅತ್ತಿಗೆ ಹೀಗೆ ದಿನಾ ಬಾಗಿಲು ನೋಡ್ತಾ ಕೂರೋದು ನನಗೆ ನೋಡೋಕಾಗಲ್ಲ. ಮುಚ್ಚಿಬಿಡಿ ಈ ತಿಜೋರೀನ. ಒಂದು ತಪ್ಪು ಕೋಡ್ ಹೊಡೆದು ಕೈ ತೊಳ್ಕೊಳ್ಳಿ."

ಒಂದು ವಿಷಯ ನನ್ನ ಮನಸ್ಸಿಗೆ ಚುಚ್ಚಿತು. ಈ ತಿಜೋರಿಯ ವಿಷಯ ಕೇಳಿದವರೆಲ್ಲ, ಫೋನ್ ರಿಪೇರಿಯವನಿಂದ ಹಿಡಿದು ಪಕ್ಕದ ಮನೆ ಅಜ್ಜಿಯವರೆಗೆ, ಒಳಗೇನಿದೆಯಂತೆ ಅಂತಲೇ ಮೊದಲು ಕೇಳಿದ್ದರು. ಇವನು ಒಂದು ಸಲವೂ ಕೇಳಲಿಲ್ಲ.

"ಇನ್ನೆಷ್ಟು ಹೊತ್ತು ಸಾರ್?" ಅಂದಳು ಆಕೆ.

"ನಾಲ್ಕು ನಿಮಿಷ."

"ಈ ಏಳು ನಿಮಿಷದ ಕಥೆ ಗೊತ್ತಾ ನಿಮಗೆ? ಮದುವೆಯಾಗಿ ಮೂರನೇ ದಿನ. ಕನ್ನಡಕದ ಕಾರ್ಖಾನೇಲಿ ನನಗೆ ಹೊಸ ಕೆಲಸ, ಮೊದಲನೇ ದಿನ. ಅವರು ಅಂಗಡಿ ತೆಗೀಬೇಕಿತ್ತು, ಅದಕ್ಕೆ ಬಸ್ ಹತ್ತಿಸೋಕೆ ಇವನು ಬಂದಿದ್ದ. ನಾವು ಸ್ಟಾಪ್ ಮುಟ್ಟೋದಕ್ಕೂ ಬಸ್ಸು ಹೊರಡೋದಕ್ಕೂ ಸರಿಹೋಯ್ತು."

ಮೈದುನನ ಮುಖ ಸ್ವಲ್ಪ ಸಡಿಲವಾಯಿತು. "ಮೂಲೆವರೆಗೂ ಓಡಿದ್ದೆ. ಹಿಂದೆ ಬಡೀತಾ, ನಿಲ್ಸೋ ನಿಲ್ಸೋ ಅಂತ."

"ಎಲ್ಲಿ ನಿಲ್ಲಿಸ್ತಾನೆ! ನಾನು ಅಳ್ತಾ ಮನೆಗೆ ಬಂದೆ. ಇವನು ಬಸ್ಸಿನ ನಂಬರನ್ನ ಅಂಗೈ ಮೇಲೆ ಬರ್ಕೊಂಡು ಬಂದು, ದೂರು ಕೊಡ್ತೀನಿ, ಡ್ರೈವರ್ ಕೆಲಸ ತೆಗೆಸ್ತೀನಿ ಅಂತ ಕುಣಿದಾಡಿದ. ನಾನು ಬಚ್ಚಲಲ್ಲಿ ಮುಖ ತೊಳೀತಿದ್ದೆ, ಎಲ್ಲ ಕೇಳಿಸ್ತಿತ್ತು. ಅವರು ನಕ್ಕರು. ಬಸ್ಸಿಂದೇನೂ ತಪ್ಪಿಲ್ಲ ಕಣೋ, ಗಡಿಯಾರದ್ದು ಅಂದ್ರು. ನಾನು ಮುಖ ಒರೆಸ್ಕೊಂಡು ಬರೋ ಹೊತ್ತಿಗೆ ಸ್ಟೂಲ್ ಹತ್ತಿ ಮುಳ್ಳು ತಿರುಗಿಸ್ತಿದ್ರು. ಇನ್ಮೇಲೆ ನಿನಗೆ ಯಾವ ಬಸ್ಸೂ ತಪ್ಪಲ್ಲ ಅಂದ್ರು."

ಆಕೆ ಚೀಟಿಯನ್ನು ಬೆರಳಲ್ಲಿ ಸವರಿದಳು.

"ಹದಿನೆಂಟು ವರ್ಷ. ಒಂದು ಬಸ್ಸೂ ತಪ್ಪಲಿಲ್ಲ ಸಾರ್. ಅವರೊಬ್ಬರೇ ತಪ್ಪಿಹೋದ್ರು."

ಆಮೇಲೆ ಹತ್ತೊಂಬತ್ತು ಗಡಿಯಾರಗಳ ಟಿಕ್‌ಟಿಕ್ ಕೇಳುತ್ತಾ ಕೂತೆವು. ಹಳೇ ಫೋನ್ ಚಾರ್ಜರಿನ ವೈರಿಗೆ ಅಂಟಿಕೊಂಡು ಹೊಸ ಹೊಸ ಅಂಕಿ ತೋರಿಸುತ್ತಲೇ ಇತ್ತು.

ನನ್ನ ಫೋನಿನಲ್ಲಿ ನಾಲ್ಕು ಮೂವತ್ತಮೂರು ಮೂಡಿತು.

"ಈಗ," ಅಂದೆ.

ಆಕೆ ಚೀಟಿ ನೋಡುತ್ತಾ ಒಂದೊಂದೇ ಅಂಕಿ ಒತ್ತಿದಳು. ಆರನೆಯದಕ್ಕೆ ಕಣ್ಣು ಮುಚ್ಚಿಕೊಂಡಳು.

ಪರದೆಯ ಮೇಲೆ ಒಂದು ಬಿಳಿ ಚಕ್ರ ತಿರುಗಿತು. ತಿರುಗಿತು. ತಿಜೋರಿ ತೆರೆಯಿತು.

"ಆಯ್ತು!" ಅಂತ ಮೇಜು ಗುದ್ದಿದೆ. "ಆಯ್ತು ತಾಯಿ, ಕಣ್ಬಿಡಿ!"

ಒಳಗಿದ್ದದ್ದು ಐದೇ ಸಾಲು. ಕರೆಂಟ್ ಬಿಲ್ಲು, ಬ್ಯಾಂಕು, ಇಮೇಲು, ಬಿಡಿಭಾಗ ತರಿಸುವ ಯಾವುದೋ ಕಂಪನಿ. ಐದನೆಯದು ಒಂದು ಟಿಪ್ಪಣಿ. ಅದರ ತಲೆಬರಹ: ಕನ್ನಡಕದವಳಿಗೆ.

"ಅವರು ಮನೇಲಿ ನನ್ನನ್ನ ಹಾಗೇ ಕರೀತಿದ್ದದ್ದು," ಅಂದಳು. ಬೆರಳು ಆಗಲೇ ಅದರ ಮೇಲಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

"ತಡೀರಿ. ಮೊದಲು ಯಾರು ಯಾರು ಒಳಗೆ ಬಂದಿದ್ದಾರೆ ಅನ್ನೋ ಪಟ್ಟಿ ನೋಡೋಣ. ನಾಲ್ಕನೇ ತಪ್ಪು ಯಾರದ್ದು ಅಂತ ಗೊತ್ತಾಗಲಿ."

"ಸಾರ್, ಇದನ್ನ ಓದ್ಬಿಡ್ತೀನಿ."

"ಒಂದೇ ನಿಮಿಷ ತಾಯಿ. ಟಿಪ್ಪಣಿ ಎಲ್ಲಿಗೂ ಓಡಿಹೋಗಲ್ಲ."

ಬುದ್ಧಿವಂತನ ಮಾತು! ಆಕೆ ನನ್ನ ಮೇಲಿನ ಗೌರವಕ್ಕೆ ಬೆರಳು ತೆಗೆದಳು. ನಾನು ಪಟ್ಟಿ ತೆರೆದೆ. ಮೇಲಿಂದ ಕೆಳಗೆ: ಇವತ್ತು ನಾವು ಒಳಗೆ ಬಂದದ್ದು. ಅದರ ಕೆಳಗೆ ಆಕೆಯ ಮೂರು ತಪ್ಪು. ಅದರ ಕೆಳಗೆ ಇನ್ನೆರಡು ಸಾಲು. ಎರಡೂ ಬೇರೆ ಯಾವುದೋ ಫೋನಿನದು.

ಮಂಗಳವಾರ, ಬೆಳಿಗ್ಗೆ ಆರು ಇಪ್ಪತ್ತು: ಕೋಡ್ ತಪ್ಪು.

ಮಂಗಳವಾರ, ಬೆಳಿಗ್ಗೆ ಆರು ಇಪ್ಪತ್ತೇಳು: ಕೋಡ್ ಸರಿ.

ಆಕೆ ಗಟ್ಟಿಯಾಗಿ ಓದಿದಳು. ಆಮೇಲೆ ಕೈಯನ್ನು ಬಾಯಿಗೆ ಒತ್ತಿಕೊಂಡಳು.

ಯಾರೋ ಒಬ್ಬರು, ಎಲ್ಲೋ ಒಂದು ಕಡೆ, ನಮ್ಮ ಹಾಗೆಯೇ ಕೋಡ್ ಹೊಡೆದು ತಪ್ಪಿದ್ದಾರೆ. ನಮ್ಮ ಹಾಗೆಯೇ ಏಳು ನಿಮಿಷ ಕಾದು ಅದನ್ನೇ ಮತ್ತೆ ಹೊಡೆದಿದ್ದಾರೆ. ಈ ಲೋಕದಲ್ಲಿ ಫೋನನ್ನು ಏಳೇ ಏಳು ನಿಮಿಷ ಮುಂದಿಟ್ಟುಕೊಂಡು ತಿರುಗುವ ಮನುಷ್ಯರು ಎಷ್ಟು ಮಂದಿ ಇರಬಹುದು? ಒಂದೇ ಗುಟ್ಟಿನ ಕೋಡನ್ನು ಎರಡು ಫೋನಿನಲ್ಲಿ ಇಟ್ಟುಕೊಳ್ಳಬಹುದು. ಇವರು ಒಂದನ್ನು ಇಲ್ಲಿ ಬಿಟ್ಟು ಇನ್ನೊಂದನ್ನು ಒಯ್ದಿದ್ದಾರೆ.

"ಇದ್ದಾರೆ," ಅಂದಳು. "ಸಾರ್, ಇದ್ದಾರೆ ಅವರು. ಎಲ್ಲಿದ್ದಾರೋ ಅಲ್ಲೂ ಏಳು ನಿಮಿಷ ಮುಂದೆ ಇಟ್ಕೊಂಡಿದ್ದಾರೆ. ಅಲ್ಲಿ ಬಸ್ ಹತ್ತೋರು ಯಾರಿದ್ದಾರೆ ಅಂತ? ನನಗೋಸ್ಕರ ಅಲ್ವಾ ಸಾರ್? ನನಗೋಸ್ಕರಾನೇ."

ಅಳುತ್ತಿದ್ದಳು, ನಗುತ್ತಿದ್ದಳು. ಹನ್ನೊಂದು ತಿಂಗಳಲ್ಲಿ ಆಕೆಯ ಮುಖದಲ್ಲಿ ಅಷ್ಟು ಬೆಳಕು ನಾನು ನೋಡಿರಲಿಲ್ಲ. ಮೈದುನನ ಕಡೆ ತಿರುಗಿದೆ. ಅಣ್ಣ ಬದುಕಿದ್ದಾನೆ ಅಂತ ತಿಳಿದ ತಮ್ಮ ಕುಣಿಯಬೇಕಿತ್ತು. ಇವನು ಹಳೇ ಫೋನನ್ನೇ ನೋಡುತ್ತಾ ನಿಂತಿದ್ದ.

"ಓದಿ ತಾಯಿ, ಈಗ ಓದಿ," ಅಂದೆ.

ಆಕೆ ಟಿಪ್ಪಣಿ ತೆರೆದಳು.

"ಕನ್ನಡಕದವಳೇ, ಇದನ್ನ ಓದ್ತಿದ್ದೀಯ ಅಂದ್ರೆ ಗಡಿಯಾರ ಇನ್ನೂ ಮುಂದೇ ಇಟ್ಟಿದ್ದೀಯ. ನನಗೆ ಗೊತ್ತಿತ್ತು. ನಾನು ಹೋಗಿದ್ದು ಯಾಕೆ ಅಂತ..."

ಪರದೆ ಬಿಳುಚಿಕೊಂಡಿತು. ಸಾಲುಗಳೆಲ್ಲ ಮಾಯ. ನಡುವೆ ಒಂದೇ ವಾಕ್ಯ: ಈ ಫೋನನ್ನು ಇನ್ನೊಂದು ಫೋನಿನಿಂದ ಹೊರಹಾಕಲಾಗಿದೆ.

"ಅಯ್ಯೋ! ಏನಾಯ್ತು? ಸಾರ್, ಏನು ಮಾಡಿದ್ರಿ?"

ನಾನೇನೂ ಮಾಡಿರಲಿಲ್ಲ. ಮಾಡಬೇಕಾದ್ದನ್ನು ಮಾಡದೆ ಬಿಟ್ಟಿದ್ದೆ. ಹೊಸ ಫೋನೊಂದು ಒಳಗೆ ಬಂದ ಕೂಡಲೇ ಈ ತಿಜೋರಿ ಹಳಬರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ: ಯಾರೋ ಬಂದಿದ್ದಾರೆ, ನೀವೇನಾ? ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪಟ್ಟಿ ನೋಡುತ್ತಾ ಕೂತೆ. ಆ ಒಂದು ನಿಮಿಷದಲ್ಲಿ ಆಕೆ ಟಿಪ್ಪಣಿ ಪೂರ್ತಿ ಓದಿ ಮುಗಿಸುತ್ತಿದ್ದಳು.

ಪರದೆ ಮತ್ತೆ ಬದಲಾಯಿತು. ಮುಖ್ಯ ಪಾಸ್‌ವರ್ಡ್ ಈಗಷ್ಟೇ ಬದಲಾಗಿದೆ ಅಂತಿತ್ತು. ಹೊಸ ಪಾಸ್‌ವರ್ಡಿಗೆ ಒಂದು ಖಾಲಿ ಜಾಗ, ಕೋಡಿಗೆ ಇನ್ನೊಂದು. ಅವಕಾಶ ಅದೇ ಒಂದು. ಅದರ ಕೆಳಗೆ, ಪಾಸ್‌ವರ್ಡ್ ಇಟ್ಟವರು ಬರೆದ ಸುಳಿವು: ಮೂರನೇ ದಿನ ತಪ್ಪಿದ ಬಸ್ಸಿನ ನಂಬರ್.

ಆಕೆ ಆ ಸುಳಿವನ್ನು ಎರಡೆರಡು ಸಲ ಓದಿದಳು.

"ಈಗ, ಈ ಗಳಿಗೆ, ಫೋನ್ ಕೈಲಿ ಹಿಡ್ಕೊಂಡಿದ್ದಾರೆ," ಅಂದಳು ಮೆಲ್ಲಗೆ. "ನಾನೇ ಅಂತ ಗೊತ್ತಾಗಿದೆ."

ಆಕೆ ಎದ್ದಳು. ಹಳೇ ಫೋನಿನತ್ತ ಬಗ್ಗಿ, ಆಗ ಮೂಡಿದ್ದ ಆರು ಅಂಕಿಗಳನ್ನು ಪೆನ್ನಿನಿಂದ ಎಡಗೈ ಮಣಿಕಟ್ಟಿನ ಮೇಲೆ ಬರೆದುಕೊಂಡಳು. ನನ್ನ ಫೋನಿನಲ್ಲಿ ನಾಲ್ಕು ಮೂವತ್ತೊಂಬತ್ತು.

"ನೀವಿಬ್ಬರೂ ಬೇಜಾರು ಮಾಡ್ಕೋಬೇಡಿ. ಇದು ನಾನೊಬ್ಬಳೇ ಮಾಡಬೇಕಾದ್ದು." ತನ್ನ ಫೋನ್ ಎದೆಗವಚಿಕೊಂಡು ಒಳಕೋಣೆಗೆ ಹೋಗಿ ಅಗಳಿ ಹಾಕಿಕೊಂಡಳು.

ಗಂಡ ಹೆಂಡತಿ ಮಧ್ಯೆ ನಿಲ್ಲುವುದು ನನ್ನ ಜಾಯಮಾನವಲ್ಲ. ಕಿಟಕಿಯ ಹತ್ತಿರ ಹೋಗಿ ಬೀದಿಗೆ ಮುಖ ಮಾಡಿ ನಿಂತೆ. ಎದುರು ಮನೆಯ ತಂತಿಯ ಮೇಲೆ ಒಣಗಿದ ಬಟ್ಟೆಗಳನ್ನು ಯಾರೋ ಎತ್ತಿಕೊಳ್ಳುತ್ತಿದ್ದರು. ನನ್ನ ಹೆಂಡತಿಯ ನೆನಪು ಬಂತು. ಅವಳ ನಂಬರಿನಿಂದ ಒಂದು ಸುಳಿವು ಬಂದರೂ ಸಾಕಿತ್ತು, ನಾನೂ ಹೀಗೇ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ.

"ನಿಮ್ಮಣ್ಣ ಬಲು ಘಾಟಿ ಕಣ್ರೀ," ಅಂತ ತಿರುಗಿದೆ.

ಕುರ್ಚಿ ಖಾಲಿ. ಬಾಗಿಲು ಓರೆಯಾಗಿತ್ತು. ಮೆಟ್ಟಿಲ ಮೇಲೆ ಅವನ ಚಪ್ಪಲಿ ಇಲ್ಲ. ಮೇಜಿನ ಮೇಲೆ ಚಾರ್ಜರಿನ ವೈರು ಬರಿದಾಗಿ ನೇತಾಡುತ್ತಿತ್ತು. ಹಳೇ ಫೋನ್ ಇರಲಿಲ್ಲ.

ಒಳಬಾಗಿಲು ದಬದಬ ಬಡಿದೆ. "ತಾಯಿ! ನಿಮ್ಮ ಮೈದುನ ಫೋನ್ ಎತ್ಕೊಂಡು ಹೋದ! ಬಾಗಿಲು ತೆಗೀರಿ!"

ಅಗಳಿ ಸರಿಯಿತು. ಆಕೆ ಹೊಸ್ತಿಲ ಮೇಲೆ ನಿಂತಿದ್ದಳು. ಆಗಿನ ಬೆಳಕು ಮುಖದಲ್ಲಿರಲಿಲ್ಲ. ಮಣಿಕಟ್ಟು ತಿರುಗಿಸಿ ತೋರಿಸಿದಳು. ಆರು ಅಂಕಿಗಳು ಅಳಿಸದೆ ಹಾಗೇ ಇದ್ದವು.

"ಕೋಡ್ ಇದೆ ಸಾರ್. ಅದಕ್ಕಿನ್ನೂ ಮೂರು ನಿಮಿಷ ಇದೆ."

"ಅಬ್ಬಾ! ಜಾಣೆ ನೀವು. ಹಾಗಾದ್ರೆ ಬಸ್ಸಿನ ನಂಬರ್ ಹಾಕಿ, ಸಿದ್ಧವಾಗಿ ಕೂತ್ಕೊಳ್ಳಿ."

ಆಕೆ ಕದಲಲಿಲ್ಲ.

"ಆ ನಂಬರ್ ನನಗೆ ಗೊತ್ತಿಲ್ಲ ಸಾರ್. ಯಾವತ್ತೂ ಗೊತ್ತಿರಲಿಲ್ಲ. ನಾನು ಬಚ್ಚಲಲ್ಲಿ ಅಳ್ತಿದ್ದೆ. ಅದನ್ನ ಅಂಗೈ ಮೇಲೆ ಬರ್ಕೊಂಡು ಬಂದು ಅವರಿಗೆ ತೋರಿಸಿದವನು ಇವನು." ಖಾಲಿ ಕುರ್ಚಿಯ ಕಡೆ ನೋಡಿದಳು. "ಹನ್ನೊಂದು ತಿಂಗಳು ಕಾದವಳು ನಾನು. ಸುಳಿವು ಬರೆದಿರೋದು ಅವನಿಗೆ."